ಅವ್ವ ಟ್ರಾನ್ಸ್‌ಫಾರ್ಮರ್ ಪರೀಕ್ಷೆ ಮಾಡಿದ ದಿನ

ಇಂಡಿ ಊರಿನಲ್ಲಿ ನಾನು ಬೆಳೆದ ಮನೆಯಲ್ಲಿ ಅಡಿಗೆಗೂ ರಿಪೇರಿಗೂ ಇದ್ದದ್ದು ಒಂದೇ ಕೋಣೆ. ಪಡಸಾಲೆ ದಾಟಿ ಒಳಗೆ ಬಂದರೆ ಎಡಕ್ಕೆ ಒಲೆ, ಹಿಟ್ಟಿನ ಡಬ್ಬಿಗಳು, ನೀರಿನ ಹಂಡೆ. ಬಲಕ್ಕೆ, ಕಿಟಕಿಯ ಬೆಳಕು ನೇರವಾಗಿ ಬೀಳುವಲ್ಲಿ, ಅವ್ವನ ಮೇಜು. ಅದರ ಮೇಲೆ ಸದಾ ಯಾವುದಾದರೊಂದು ಆಂಪ್ಲಿಫೈಯರು ಹೊಟ್ಟೆ ಬಿಚ್ಚಿಕೊಂಡು ಬಿದ್ದಿರುತ್ತಿತ್ತು. ಬೆಸುಗೆಯ ರಾಳದ ಹೊಗೆ, ಬೆಳ್ಳುಳ್ಳಿ ಒಗ್ಗರಣೆಯ ಹೊಗೆ ಎರಡೂ ಒಂದೇ ಬೆಳಕಿಂಡಿಯಿಂದ ಹೊರಗೆ ಹೋಗುತ್ತಿದ್ದವು. ಗೆಳತಿಯರ ಮನೆಗೆ ಹೋದಾಗ ಅವರ ಅಡಿಗೆಮನೆಯಲ್ಲಿ ರಾಳದ ವಾಸನೆ ಇಲ್ಲದ್ದನ್ನು ಕಂಡು, ಇವರ ಮನೆಯಲ್ಲಿ ಇವತ್ತು ಕೆಲಸವೇ ನಡೆದಿಲ್ಲವೇನೋ ಅಂದುಕೊಳ್ಳುತ್ತಿದ್ದೆ. ಅಪ್ಪ ಮದುವೆ, ಸಭೆ, ನಾಟಕಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಬಸ್ಸಿನ ಮೇಲೆ ಕರ್ಣಗಳನ್ನು, ಅಂದರೆ ಆ ದೊಡ್ಡ ಲೌಡ್‌ಸ್ಪೀಕರುಗಳನ್ನು, ಕಟ್ಟಿಕೊಂಡು ಒಂದು ದಿನ ಸಿಂದಗಿಗೆ, ಒಂದು ದಿನ ಬಾಗೇವಾಡಿಯ ಕಡೆಗೆ ಹೋಗಿಬರುವುದು ಅವರ ಕೆಲಸ. ಅಲ್ಲಿಂದ ಕೆಟ್ಟು ಬಂದದ್ದನ್ನು ಸರಿ ಮಾಡುವುದು ಅವ್ವನ ಕೆಲಸ. ಅವ್ವನ ತಂದೆಗೆ ಸೊಲ್ಲಾಪುರದಲ್ಲಿ ಮೋಟಾರಿನ ಸುರುಳಿ ಸುತ್ತುವ ಅಂಗಡಿಯಿತ್ತು. ತಾಯಿಯಿಲ್ಲದ ಮಗಳನ್ನು ಮನೆಯಲ್ಲಿ ಒಬ್ಬಳನ್ನೇ ಬಿಡಲಾಗದೆ ಅವರು ಅಂಗಡಿಯಲ್ಲೇ ಕೂರಿಸಿಕೊಂಡು ಬೆಳೆಸಿದ್ದರು. ಹಾಗಾಗಿ ಅವ್ವನಿಗೆ ರೊಟ್ಟಿ ಬಡಿಯುವುದಕ್ಕಿಂತ ಮೊದಲೇ ತಂತಿ ಸುತ್ತುವುದು ಬರುತ್ತಿತ್ತು. ಇದನ್ನು ಅಪ್ಪ ಬಂದವರಿಗೆಲ್ಲ ಹೇಳಿಕೊಂಡು ಹಿಗ್ಗುತ್ತಿದ್ದರು. ಅವ್ವ ಮಾತ್ರ, ಮೊದಲು ಕಲಿತದ್ದರಿಂದಲೇ ತನ್ನ ರೊಟ್ಟಿ ಇವತ್ತಿಗೂ ದುಂಡಗಾಗುವುದಿಲ್ಲ ಎನ್ನುತ್ತಿದ್ದಳು.

ಆ ಮನೆಗೆ ಗಂಗಾ ಅತ್ತಿ ಬಂದದ್ದು ಗಂಡ ತೀರಿಹೋದ ಮೇಲೆ. ಆಕೆ ಅಪ್ಪನ ಒಬ್ಬಳೇ ತಂಗಿ. ಗಂಡನ ಮನೆಯವರು ಮುದ್ದೇಬಿಹಾಳದವರು. ಆದರೆ ಆಕೆಯ ಗಂಡ, ಅಂದರೆ ನಮ್ಮ ಮಾವ, ಸೊಲ್ಲಾಪುರದ ಗಿರಣಿಯಲ್ಲಿ ಕೆಲಸ ಮಾಡುತ್ತ, ಸಂಜೆ ಅಲ್ಲಿಯ ವಾದ್ಯಮೇಳದಲ್ಲಿ ಗಿಟಾರು ನುಡಿಸುತ್ತಿದ್ದರು. ನಿಂತು ಕೊರಳಿಗೆ ಹಾಕಿಕೊಂಡು ಬಾರಿಸುವ ಗಿಟಾರಲ್ಲ. ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ತಂತಿಯ ಮೇಲೆ ಉಕ್ಕಿನ ತುಂಡೊಂದನ್ನು ಜಾರಿಸುತ್ತ ನುಡಿಸುವ ಹವಾಯಿಯನ್ ಗಿಟಾರು. ಅದನ್ನು ಅತ್ತಿಗೂ ಕಲಿಸಿದ್ದರು. ಕಾಮಾಲೆ ಬಂದು ಮಾವ ಹೋದಾಗ ಅತ್ತಿಗೆ ಮಕ್ಕಳಿರಲಿಲ್ಲ. ಒಂದು ಟ್ರಂಕು, ಗಿಟಾರು, ಮತ್ತು ನಾವೆಲ್ಲ ‘ಮಾವನ ಪೆಟ್ಟಿಗಿ’ ಎನ್ನುತ್ತಿದ್ದ ಗಿಟಾರಿನ ಆಂಪ್ಲಿಫೈಯರು, ಇಷ್ಟನ್ನು ತೆಗೆದುಕೊಂಡು ಆಕೆ ತವರಿಗೆ ಬಂದಳು. ಪರದೇಶದಲ್ಲಿ ತಯಾರಾದ ಆ ಪೆಟ್ಟಿಗೆಯನ್ನು ಮಾವ ಊರು ಬಿಟ್ಟು ಹೋಗುತ್ತಿದ್ದ ಒಬ್ಬ ರೈಲ್ವೆ ಗಾರ್ಡಿನಿಂದ ಕೊಂಡಿದ್ದರಂತೆ. ಮರದ ಕವಚ, ಮುಂದೆ ಜರಿಯಂಥ ಬಟ್ಟೆ, ಒಳಗೆ ಸಾಲಾಗಿ ಗಾಜಿನ ವಾಲ್ವುಗಳು. ಚಾಲೂ ಮಾಡಿ ಸ್ವಲ್ಪ ಹೊತ್ತು ಕಾದರೆ ಆ ವಾಲ್ವುಗಳೊಳಗೆ ಕೆಂಡದ ಎಳೆಗಳು ಮೂಡಿ, ಪೆಟ್ಟಿಗೆ ಮೆಲ್ಲಗೆ ಗುಂಯ್‌ಗುಡತೊಡಗುತ್ತಿತ್ತು. ಅತ್ತಿ ಮಧ್ಯಾಹ್ನ ಎಲ್ಲರೂ ಅಡ್ಡಾಗಿರುವಾಗ ಸಣ್ಣ ಧ್ವನಿಯಲ್ಲಿ ನುಡಿಸುತ್ತಿದ್ದಳು. ಆಯಿ, ಅಂದರೆ ಅಪ್ಪನ ತಾಯಿ, ಹಾಸಿಗೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೇಳುತ್ತಿದ್ದಳು. ಕೇಳುತ್ತಿದ್ದೇನೆಂದು ಒಪ್ಪುತ್ತಿರಲಿಲ್ಲ. ನುಡಿಸುವುದು ನಿಂತರೆ ಮಾತ್ರ, “ಯಾಕ, ಕರೆಂಟ್ ಹೋತೇನು?” ಎಂದು ಕೇಳುತ್ತಿದ್ದಳು.

ಅವ್ವನಿಗೂ ಅತ್ತಿಗೂ ಸರಿಬರುತ್ತಿರಲಿಲ್ಲ ಎಂದರೆ ಪೂರ್ತಿ ನಿಜವಲ್ಲ, ಸರಿಯಿತ್ತು ಎಂದರೂ ಸುಳ್ಳು. ಅವ್ವ ಮಾಡಿದ ಪುಂಡಿಪಲ್ಯಕ್ಕೆ ಅತ್ತಿ ಮತ್ತೆ ಉಪ್ಪು ಹಾಕುತ್ತಿದ್ದಳು. ಅತ್ತಿ ಗುಡಿಸಿದ ಮೂಲೆಯನ್ನು ಅವ್ವ ಮತ್ತೆ ಗುಡಿಸುತ್ತಿದ್ದಳು. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮಾವನ ಪೆಟ್ಟಿಗೆಯ ವಿಷಯದಲ್ಲಂತೂ ಅತ್ತಿ ಬಹಳ ಕಟ್ಟುನಿಟ್ಟು. ಮನೆಯಲ್ಲೇ ಇಂಥ ಯಂತ್ರಗಳನ್ನು ಬಲ್ಲ ಹೆಂಗಸು ಇದ್ದರೂ ಅದರ ಹಿಂದಿನ ಹಲಗೆಯನ್ನು ಒಮ್ಮೆಯೂ ತೆಗೆಯಗೊಡಲಿಲ್ಲ. “ಚಲೋ ನಡದೈತಲ್ರಿ ವೈನಿ, ಯಾಕ ಮುಟ್ಟೂದು?” ಎಂದು ಅಣ್ಣನ ಹೆಂಡತಿಗೆ ಹೇಳಿಬಿಡುತ್ತಿದ್ದಳು. ಅವ್ವ ಮುಖ ತಿರುಗಿಸಿಕೊಂಡು ತನ್ನ ಮೇಜಿಗೆ ಹೋಗುತ್ತಿದ್ದಳು.

ಒಂದು ಚಳಿಗಾಲ ಅತ್ತಿ, ಆಯಿ ಇಬ್ಬರೂ ಬಾಗೇವಾಡಿಯ ನೆಂಟರ ಮನೆಯ ತೊಟ್ಟಿಲು ಕಾರ್ಯಕ್ಕೆ ಹೋಗಿದ್ದರು. ಅದೇ ದಿನ ಅಪ್ಪನಿಗೆ ಝಳಕಿಯಲ್ಲಿ ಮದುವೆಯ ಮೈಕಿನ ಕೆಲಸ. ಬೆಳಿಗ್ಗೆ ಹೊರಡುವ ಹೊತ್ತಿಗೆ ಅವರ ಆಂಪ್ಲಿಫೈಯರು ಉಸಿರೆತ್ತಲಿಲ್ಲ. ಅವ್ವ ನೆರೆಮನೆಯ ಬಾಣಂತಿಗೆ ನೀರು ಹಾಕಲು ಹೋಗಿದ್ದಳು. ಅಪ್ಪ ಆಚೀಚೆ ನೋಡಿ, ಮಾವನ ಪೆಟ್ಟಿಗೆಯನ್ನು ಎತ್ತಿಕೊಂಡು ಬಸ್ಸು ಹತ್ತಿದರು. ಸಂಜೆ ಅವರು ಅದನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಎಳೆಗೂಸನ್ನು ಹಿಡಿದಂತೆ ಎರಡೂ ಕೈಯಲ್ಲಿ ಅಪ್ಪಿಕೊಂಡು ಒಳಗೆ ಬಂದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕಂಬಳಿ ಬಿಚ್ಚುತ್ತಲೂ ಸುಟ್ಟ ಡಾಂಬರಿನ ವಾಸನೆ ಮನೆಯೆಲ್ಲ ತುಂಬಿತು. ಮದುವೆಯ ಮನೆಯಲ್ಲಿ ಕರೆಂಟು ಹೋಗಿ ಜನರೇಟರ್ ಹಚ್ಚಿದ್ದರಂತೆ. ಅದು ಒಮ್ಮೆಲೇ ಜೋರಾಗಿ ಓಡಿ, ಪೆಟ್ಟಿಗೆಯಿಂದ ಹೊಗೆ ಬಂದಿತಂತೆ. ಅಪ್ಪ ಹೇಳಿದ್ದು ಅಷ್ಟೇ.

ಮರುದಿನ ಅತ್ತಿ ಬಂದಳು. ಅಳಲಿಲ್ಲ, ಕೂಗಾಡಲಿಲ್ಲ. ಪೆಟ್ಟಿಗೆಯ ಮುಂದೆ ಕೂತು, ಹೊಗೆ ಹಿಡಿದ ಜರಿಬಟ್ಟೆಯ ಮೇಲೆ ಕೈಯಿಟ್ಟಳು. ಅಪ್ಪ ಬಾಗಿಲಲ್ಲಿ ನಿಂತು, “ತಂಗೀ, ತಪ್ಪಾತು,” ಅಂದರು. ಅತ್ತಿ ಅವರ ಕಡೆ ನೋಡಲಿಲ್ಲ. ಆ ಮಧ್ಯಾಹ್ನ ಆಕೆಯೇ ಬಜಾರದಿಂದ ಒಬ್ಬ ರೇಡಿಯೋ ರಿಪೇರಿಯವನನ್ನು ಕರೆತಂದಳು. ಮನೆಯವರಾರೂ ಮುಟ್ಟುವುದು ಆಕೆಗೆ ಬೇಡವಾಗಿತ್ತು. ಆತ ಹಿಂದಿನ ಹಲಗೆ ತೆಗೆದು, ಟ್ರಾನ್ಸ್‌ಫಾರ್ಮರಿನಿಂದ ಕರಗಿ ಇಳಿದಿದ್ದ ಕಪ್ಪು ಮೇಣವನ್ನು ತೋರಿಸಿದ. ಪಾಪ, ಒಳ್ಳೆಯ ಮನುಷ್ಯ, ಮನಸ್ಸು ನೊಂದುಕೊಂಡೇ ಹೇಳಿದ:

“ಟ್ರಾನ್ಸ್‌ಫಾರ್ಮರ್ ಸುಟ್ಟಂಗ ಕಾಣತೈತ್ರಿ ಅಕ್ಕಾರ. ಅದ ಈ ಪೆಟ್ಟಿಗಿ ಜೀವ. ಇಂಥಾದ್ದು ಮತ್ತ ಎಲ್ಲೂ ಸಿಗೂದಿಲ್ರಿ.”

ಅಂದೇ ಅತ್ತಿ ಮುದ್ದೇಬಿಹಾಳದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಮೈದುನನಿಗೆ ಹೇಳಿಕಳಿಸಿದಳು: ಬಂದು ನನ್ನನ್ನು ಕರೆದುಕೊಂಡು ಹೋಗಿರಿ. ಮೈದುನ ಈರಪ್ಪ ಮೊದಲಿಂದಲೂ ಕರೆಯುತ್ತಿದ್ದರು. ಅವರ ಮನೆಯಲ್ಲಿ ಅತ್ತಿಯ ಅತ್ತೆ ಹಾಸಿಗೆ ಹಿಡಿದಿದ್ದರು, ಹೊಲದ ಕೆಲಸ ಬಹಳ, ದುಡಿಯುವ ಕೈ ಬೇಕಾಗಿತ್ತು. ಅಲ್ಲಿಗೆ ಹೋದರೆ ಅತ್ತಿಗೆ ಗಿಟಾರು ಮುಟ್ಟಲು ಬಿಡುವಿರಲಿ, ಅದನ್ನು ಇಡಲು ಜಾಗವೂ ಇರುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಅತ್ತಿಗೂ ಗೊತ್ತಿತ್ತು. ಪೆಟ್ಟಿಗೆಯೇ ಹೋದ ಮೇಲೆ ಗಿಟಾರು ಯಾಕೆ ಎಂಬ ಹಟ. ಅದಕ್ಕಿಂತ ಹೆಚ್ಚು ನೋವಾದದ್ದು ಇನ್ನೊಂದು. ಅತ್ತಿ ನಮ್ಮ ಒಲೆಯ ಮೇಲೆ ಅನ್ನ ಬೇಯಿಸಿಕೊಳ್ಳಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಸಣ್ಣದೊಂದು ಗಡಿಗೆಯಲ್ಲಿ ತನ್ನಷ್ಟಕ್ಕೆ ಗಂಜಿ ಕಾಯಿಸಿಕೊಂಡಳು. ಒಂದೇ ಮನೆಯಲ್ಲಿ ಎರಡು ಕಡೆ ಹೊಗೆ ಏಳುವುದನ್ನು ನಾನು ಅದೇ ಮೊದಲು ನೋಡಿದ್ದು. ಆಯಿ ಒಳಗಿನ ಒಲೆಗೂ ಹಿತ್ತಲ ಒಲೆಗೂ ನಡುವೆ ಹೊಸ್ತಿಲ ಮೇಲೆ ಕೂತಳು, ಎರಡೂ ಕಡೆ ಉಣ್ಣಲಿಲ್ಲ. ಅಪ್ಪ ಊಟಕ್ಕೆ ಕೂತರೆ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ನನಗೆ ಆಗ ಸಾಲಿಯಲ್ಲಿ ಲೆಕ್ಕ ಹತ್ತುತ್ತಿರಲಿಲ್ಲ, ಮನೆಯಲ್ಲಿ ಅನ್ನ ಹತ್ತುತ್ತಿರಲಿಲ್ಲ. ಯಾರ ಪರ ವಹಿಸಬೇಕೆಂದು ತಿಳಿಯದೆ ಎರಡೂ ಕಡೆ ಹೋಗಿ ಕೂತು ಬರುತ್ತಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುವುದನ್ನು ಅರ್ಧಕ್ಕೇ ಬಿಟ್ಟು, ಹಿಟ್ಟಿನ ಕೈಯಲ್ಲೇ ಹಿತ್ತಲಿಗೆ ಹೋದಳು. ಅತ್ತಿಯ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ನಾನೂ ಹಿಂದೆಯೇ ಹೋದೆ.

“ಗಂಗಾ, ನಾ ಅದನ್ನ ರಿಪೇರಿ ಮಾಡ್ತೇನಂತ ಹೇಳಾಕ ಬಂದಿಲ್ಲ. ಸತ್ತೈತೋ ಬದುಕೈತೋ ಅಷ್ಟ ನೋಡ್ತೇನಿ.”

“ನೋಡಿದಾರಲ್ರಿ ವೈನಿ. ಸುಟ್ಟೈತಂತ ಹೇಳಿದಾರ.”

“ಮೇಣ ಕರಗಿದ್ದು ನೋಡಿದಾರ. ಜ್ವರ ಬಂದಾವರೆಲ್ಲ ಸತ್ತಾರೇನು? ಒಳಗ ಕರೆಂಟ್ ಬಿಟ್ಟು ಯಾರೂ ನೋಡಿಲ್ಲ.”

ಅತ್ತಿ ಕಟ್ಟಿಗೆಯನ್ನು ಒಲೆಯೊಳಗೆ ತಳ್ಳಿದಳು. ಅವ್ವ ಏಳಲಿಲ್ಲ.

“ಸತ್ತಿದ್ರ ಸತ್ತೈತಿ ಅಂತ ನಾನ ಹೇಳ್ತೇನಿ. ನಿನ್ನ ಮುಂದ ಸುಳ್ಳು ಹೇಳೂದಿಲ್ಲ. ಆದ್ರ ನೋಡದ ಹೋಗಬ್ಯಾಡ. ಹೋದ ಮ್ಯಾಲ ಅಲ್ಲಿ ಕುಂತು, ಬದುಕಿತ್ತೋ ಏನೋ ಅಂತ ದಿನಾ ಕೊರಗ್ತಿ.”

ಅತ್ತಿಯ ಕೈ ನಿಂತಿತು. “ನಾನೂ ಬಾಜೂಕ ಇರಾಕಿ,” ಎಂದಳು.

“ಬಾಜೂಕ ಇರೂದಲ್ಲ, ಸ್ವಿಚ್ ನೀನ ಹಾಕಬೇಕು,” ಎಂದು ಅವ್ವ ಎದ್ದಳು.

ಅವತ್ತು ಮೇಜಿನ ಮೇಲಿದ್ದುದನ್ನೆಲ್ಲ ತೆಗೆದು ಹಳೆಯ ಇಳಕಲ್ಲ ಸೀರೆಯೊಂದನ್ನು ಮಡಚಿ ಹಾಸಿದರು. ಅಪ್ಪ ಪೆಟ್ಟಿಗೆಯನ್ನು ಎತ್ತಿ ತರಲು ಮುಂದೆ ಬಂದರು. ಅತ್ತಿ ತಡೆದು, ತಾನೇ ಒಂದು ಕಡೆ ಹಿಡಿದು ಇನ್ನೊಂದು ಕಡೆ ಅವ್ವನಿಗೆ ಕೊಟ್ಟಳು. ಅಪ್ಪ ಹಿಂದೆ ಸರಿದು ಬಾಗಿಲ ಹೊರಗೆ ನಿಂತರು. ಅವ್ವ ವಾಲ್ವುಗಳನ್ನು ಒಂದೊಂದಾಗಿ ಅಲುಗಿಸಿ ಕಿತ್ತು, ಯಾವುದು ಎಲ್ಲಿಯದೆಂದು ತಿಳಿಯುವಂತೆ ಸಾಲಾಗಿ ಅರಿವೆಯ ಮೇಲೆ ಮಲಗಿಸಿದಳು. ಆಮೇಲೆ ಫ್ಯೂಸಿನ ಮುಚ್ಚಳ ತಿರುಗಿಸಿ ತೆಗೆದಳು. ಒಳಗೆ ಕೂದಲೆಳೆಯಂಥ ತಂತಿಯ ಗಾಜಿನ ಫ್ಯೂಸು ಇರಬೇಕಾಗಿತ್ತು. ಅದರ ಬದಲು ದಪ್ಪ ತಾಮ್ರದ ತಂತಿಯೊಂದನ್ನು ಮಡಚಿ ತುರುಕಿದ್ದರು. ಅವ್ವ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

“ಇದನ್ನ ಯಾರು ಹಾಕಿದ್ರು?”

ಬಾಗಿಲ ಹೊರಗಿನಿಂದ ಅಪ್ಪನ ಧ್ವನಿ ಬಂತು.

“ನಾನ ಹಾಕೀನಿ. ಜನರೇಟರ್ ಹಚ್ಚಿದ ಕೂಡಲೆ ಫ್ಯೂಸ್ ಹೋತು. ತಾಳಿ ಕಟ್ಟೂ ಹೊತ್ತು, ಮಂದಿ ಒದರಾಕತ್ತಿದ್ರು. ಕೈಗೆ ಸಿಕ್ಕ ತಂತಿ ಹಾಕಿದೆ. ಫ್ಯೂಸ್ ಹೋದದ್ದು ಪೆಟ್ಟಿಗಿ ಉಳಿಸಾಕ ಅಂತ ಗೊತ್ತಿತ್ತು ನನಗ. ಗೊತ್ತಿದ್ದೂ ಹಾಕಿದೆ.”

ಅಷ್ಟು ದಿನ ಅವರು ಜನರೇಟರಿನ ಮೇಲೆ ಹಾಕಿದ್ದ ತಪ್ಪು ಅದು. ನಲವತ್ತು ದಾಟಿದ ಗಂಡಸು, ಊರಲ್ಲಿ ನಾಲ್ಕು ಜನರಿಗೆ ಬೇಕಾದವರು, ಸ್ವಂತ ಮನೆಯ ಬಾಗಿಲ ಹೊರಗೆ ನಿಂತು ತಂಗಿಗೆ ಕೇಳುವಂತೆ ಅದನ್ನು ಹೇಳಿದರು. ಅತ್ತಿ ಆ ತಂತಿಯನ್ನು ಅವ್ವನ ಕೈಯಿಂದ ತೆಗೆದುಕೊಂಡು ಸ್ವಲ್ಪ ಹೊತ್ತು ನೋಡಿ, ಕಿಟಕಿಯಿಂದ ಹೊರಗೆ ಎಸೆದಳು. “ಮುಂದ ನೋಡ್ರಿ ವೈನಿ,” ಎಂದಳು.

ಅವ್ವ ಸರಿಯಾದ ಹೊಸ ಫ್ಯೂಸೊಂದನ್ನು ಹಾಕಿ, ಗೋಡೆಯ ಪ್ಲಗ್ಗಿಗೂ ಪೆಟ್ಟಿಗೆಗೂ ನಡುವೆ ದೊಡ್ಡ ಬಲ್ಬೊಂದನ್ನು ಜೋಡಿಸಿದಳು. ಅವಳಲ್ಲಿ ಮೀಟರೂ ಇತ್ತು. ಅದನ್ನೇಕೆ ತೆಗೆಯಲಿಲ್ಲವೆಂದು ಆಯಿ ಕೇಳಿದ್ದಕ್ಕೆ, “ಮೀಟರಿನ ಮುಳ್ಳು ನನಗಷ್ಟ ತಿಳೀತೈತ್ರಿ. ಬಲ್ಬು ಎಲ್ಲಾರಿಗೂ ಕಾಣತೈತಿ,” ಎಂದಳು. ಆಮೇಲೆ ಆ ಸುಟ್ಟ ಕಬ್ಬಿಣದ ಗಡ್ಡೆಯ ಮೇಲೆ ಕೈಯಾಡಿಸಿ, ಬಗ್ಗಿ ಮೂಸಿ ನೋಡಿ, ನಮ್ಮನ್ನೆಲ್ಲ ಹಿಂದೆ ಸರಿಸಿದಳು. ನಾನು ಆಯಿಯ ಹಾಸಿಗೆಯ ಮೇಲೆ ಹತ್ತಿ ನಿಂತೆ.

“ಗಂಗಾ, ಹಾಕು.”

ಅತ್ತಿ ಸ್ವಿಚ್ ಒತ್ತಿದಳು. ಬಲ್ಬು ಒಮ್ಮೆ ಫಕ್ಕನೆ ಮಿನುಗಿ ಆರಿಹೋಯಿತು. “ಅಯ್ಯ ಶಿವನ, ಆರೇಬಿಡ್ತು,” ಎಂದು ಆಯಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಅತ್ತಿ ಸ್ವಿಚ್ಚಿನ ಮೇಲಿನ ಕೈ ತೆಗೆಯದೆಯೇ ಅಳತೊಡಗಿದಳು. ಪೆಟ್ಟಿಗೆ ಸುಟ್ಟು ಬಂದಾಗಲೂ ಬಾರದ ಅಳು ಆಗ ಬಂತು, ಹೆಗಲೆಲ್ಲ ಅಲುಗುವಂತೆ. ಹೊರಗೆ ಅಪ್ಪ ಬಾಗಿಲ ಚೌಕಟ್ಟಿಗೆ ಹಣೆ ಹಚ್ಚಿದ್ದರು. ಅವ್ವ ಗಾಬರಿಯಾಗಿ, ಅಳುತ್ತಿರುವ ಅತ್ತಿಯನ್ನೂ ಬಲ್ಬನ್ನೂ ನೋಡಿ, ಜೋರಾಗಿ ನಕ್ಕುಬಿಟ್ಟಳು.

“ಹುಚ್ಚೀ, ಅಳಬ್ಯಾಡ! ಆರಬೇಕು ಅದು! ಟ್ರಾನ್ಸ್‌ಫಾರ್ಮರ್ ಒಳಗ ತಂತಿ ಸುಟ್ಟು ಒಂದಕ್ಕೊಂದು ಹತ್ತಿದ್ರ ಬಲ್ಬು ಢಾಳಾಗಿ ಉರೀತಿತ್ತು. ಇದು ಉರೀಲಿಲ್ಲ. ಉರೀದ ಇದ್ದದ್ದ ಚಲೋ.”

ಅತ್ತಿ ಸೆರಗಿನಿಂದ ಮೂಗು ಒರೆಸಿಕೊಂಡು, ನಂಬದವಳಂತೆ ನೋಡಿದಳು. “ಹಂಗಾದ್ರ ಬದುಕೈತೇನ್ರಿ?”

ಅವ್ವನ ನಗು ಅಲ್ಲಿಗೇ ನಿಂತಿತು. ಸುಳ್ಳು ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದಳಲ್ಲ.

“ಇನ್ನೂ ಹೇಳಾಕ ಬರೂದಿಲ್ಲ. ಒಳಗಿನ ತಂತಿ ಹರದು ಎರಡಾಗಿದ್ರೂ ಬಲ್ಬು ಉರಿಯೂದಿಲ್ಲ. ಮೊದಲು ಮಿನುಗಿದ್ದು ಚಲೋ ಗುರುತು, ಆದ್ರ ಅಷ್ಟ ಸಾಲೂದಿಲ್ಲ. ಇನ್ನೊಂದು ಕಡಿಂದ ಏನರ ಹೊರಗ ಬರತೈತೇನು ನೋಡಬೇಕು.”

ಅಪ್ಪ ಏನೂ ಕೇಳಿಸಿಕೊಳ್ಳದವರಂತೆ ಅಂಗಳಕ್ಕೆ ಹೋಗಿ, ತಮ್ಮ ಸೈಕಲ್ಲಿನ ಡೈನಮೋ ದೀಪದಿಂದ ಸಣ್ಣ ಬಲ್ಬನ್ನು ಬಿಚ್ಚಿ ತಂದು ಹೊಸ್ತಿಲ ಮೇಲಿಟ್ಟರು. ಅವ್ವನಿಗೆ ಬೇಕಾದದ್ದು ಅದೇ ಎಂದು ಅವರಿಗೆ ಗೊತ್ತಿತ್ತು. ವಾಲ್ವುಗಳನ್ನು ಕಾಯಿಸಲು ಟ್ರಾನ್ಸ್‌ಫಾರ್ಮರು ಹೊರಗೆ ಕೊಡುವ ಕರೆಂಟು ತೀರ ಸಣ್ಣದು, ಸೈಕಲ್ ದೀಪಕ್ಕೆ ಸರಿಹೊಂದುವಷ್ಟು. ಸ್ವಿಚ್ ಬಂದ್ ಮಾಡಿಸಿ, ಅವ್ವ ಆ ಬಲ್ಬಿನ ಎರಡು ತಂತಿಗಳನ್ನು ಅಲ್ಲಿಗೆ ಸಿಕ್ಕಿಸಿದಳು. ಅತ್ತಿ ಈ ಸಲ ಕಣ್ಣು ಮುಚ್ಚಿಕೊಂಡು ಸ್ವಿಚ್ ಒತ್ತಿದಳು. ಹಾಗಾಗಿ ಆ ಪುಟ್ಟ ಬಲ್ಬು ಹಳದಿಯಾಗಿ ಹೊತ್ತಿದ್ದನ್ನು ಆಕೆಗಿಂತ ಮೊದಲು ನೋಡಿದವಳು ನಾನು. “ಅತ್ತೀ, ಉರಿಯಾಕತ್ತೈತಿ!” ಎಂದು ಹಾಸಿಗೆಯ ಮೇಲಿಂದ ಕುಣಿದೆ. ಅತ್ತಿ ಕಣ್ಣು ತೆರೆದಳು. ಆ ಮುಖವನ್ನು ವರ್ಣಿಸಲು ನನಗೆ ಬರುವುದಿಲ್ಲ. ಹೆಚ್ಚು ವಯಸ್ಸಿನವಳಲ್ಲದ ಆ ಹೆಂಗಸು ಎಷ್ಟು ಚಿಕ್ಕವಳೆಂದು ನನಗೆ ಆ ದಿನವೇ ತಿಳಿದದ್ದು.

ಆಮೇಲಿನದು ಅಪಾಯದ ಭಾಗ. ದೊಡ್ಡ ಕರೆಂಟು ಹೊರಬರುವ ಸುರುಳಿಗೆ ಎರಡು ಅರ್ಧಗಳಿರುತ್ತವೆ, ಎರಡೂ ಸಮನಾಗಿರಬೇಕು, ಮುಟ್ಟಿದವರು ಉಳಿಯುವುದಿಲ್ಲ ಎಂದು ಅವ್ವ ನಮಗೆ ಹೇಳಿದಳು. ಮಕ್ಕಳೆದುರು ಹೆದರಿಕೆಯನ್ನು ಮುಚ್ಚಿಡುವ ಅಭ್ಯಾಸ ಅವಳಿಗಿರಲಿಲ್ಲ. ಪ್ಲಗ್ಗನ್ನೇ ಗೋಡೆಯಿಂದ ಕೀಳಿಸಿ, ಒಂದೊಂದು ಅರ್ಧಕ್ಕೂ ದೇವರ ಮುಂದೆ ಹಚ್ಚುವಂಥ ಸಣ್ಣ ಬಲ್ಬುಗಳನ್ನು ಜೋಡಿ ಮಾಡಿ ಕಟ್ಟಿದಳು. ಎಡಗೈಯನ್ನು ಬೆನ್ನ ಹಿಂದೆ ಸೀರೆಯ ನಡುವಿಗೆ ಸಿಕ್ಕಿಸಿಕೊಂಡು ದೂರ ನಿಂತಳು. ಅತ್ತಿ ಸ್ವಿಚ್ ಹಾಕಿದಾಗ ಎರಡೂ ಕಡೆಯ ಬಲ್ಬುಗಳು ಹೊತ್ತಿದವು. ಅವ್ವ ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿದಳು. “ನಿಮಗ ಹೆಂಗ ಕಾಣತೈತಿ? ಯಾವುದರ ಮಂದ ಐತೇನು?” ಎಂದು ಎಲ್ಲರನ್ನೂ ಕೇಳಿದಳು. ಆಯಿ ಕನ್ನಡಕವನ್ನು ಸೆರಗಿನಿಂದ ಒರೆಸಿ, ಬಹಳ ಗಂಭೀರವಾಗಿ, “ಎರಡೂ ಒಂದ ಸಮ ಅದಾವ,” ಎಂದು ತೀರ್ಪು ಕೊಟ್ಟಳು. ಯಂತ್ರದ ವಿಷಯದಲ್ಲಿ ಆಯಿಯನ್ನು ಯಾರಾದರೂ ಕೇಳಿದ್ದು ಅದೇ ಮೊದಲಿರಬೇಕು. ಆಮೇಲೆ ದಿನವೆಲ್ಲ ಆಕೆಯ ನಡಿಗೆಯೇ ಬೇರೆಯಾಗಿತ್ತು.

ಆದರೆ ಅವ್ವ ಇನ್ನೂ ಹೂಂ ಅನ್ನಲಿಲ್ಲ. ಸುರುಳಿಯಲ್ಲಿ ಎಲ್ಲೋ ಒಂದೆರಡು ಸುತ್ತು ಮಾತ್ರ ಸುಟ್ಟಿದ್ದರೆ ಬಲ್ಬಿಗೆ ಅದು ತಿಳಿಯುವುದಿಲ್ಲವಂತೆ. ಆದರೆ ಚಾಲೂ ಇಟ್ಟರೆ ಕಬ್ಬಿಣ ಕಾಯುತ್ತದೆ. ಹಾಗಾಗಿ ಸಣ್ಣ ಬಲ್ಬುಗಳನ್ನು ಬಿಚ್ಚಿ, ಬರಿಯ ಟ್ರಾನ್ಸ್‌ಫಾರ್ಮರನ್ನು ಚಾಲೂ ಬಿಟ್ಟು ಕಾಯಬೇಕು. “ಎಷ್ಟು ಹೊತ್ತು?” ಎಂದು ಅತ್ತಿ ಕೇಳಿದಳು. “ಉಣ್ಣೂವಷ್ಟು ಹೊತ್ತು,” ಎಂದಳು ಅವ್ವ. ಹೇಳಿದವಳೇ ಕೈ ತೊಳೆದು, ಬೆಳಿಗ್ಗೆ ಅರ್ಧಕ್ಕೆ ಬಿಟ್ಟಿದ್ದ ಹಿಟ್ಟನ್ನು ಮತ್ತೆ ನಾದತೊಡಗಿದಳು. ಅತ್ತಿ ಹಿತ್ತಲಿಗೆ ಹೋಗಿ, ತನ್ನ ಒಲೆಯಿಂದ ಉರಿಯುವ ಎರಡು ಕಟ್ಟಿಗೆಗಳನ್ನು ಹಿಡಿದು ತಂದು ಒಳಗಿನ ಒಲೆಗೆ ಹಾಕಿದಳು. ಶೇಂಗಾ ಚಟ್ನಿ, ಗಟ್ಟಿ ಮೊಸರು, ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಮೇಲೆ ಹಿಂಡಲು ನಮ್ಮೂರ ಲಿಂಬೆಹಣ್ಣು. ತಟ್ಟೆಗಳನ್ನು ಹಾಕುವಾಗ ಅತ್ತಿ ತಾನೇ ಐದನೆಯ ತಟ್ಟೆಯನ್ನು ಹಾಕಿ, ಬಾಗಿಲ ಕಡೆ ತಿರುಗಿದಳು.

“ಅಣ್ಣಾ, ಒಳಗ ಬಾ. ರೊಟ್ಟಿ ಆರತಾವು.”

ಅಪ್ಪ ಬಂದು ಕೂತರು. ತಲೆ ಎತ್ತಲಿಲ್ಲ. ಅತ್ತಿ ಅವರ ರೊಟ್ಟಿಯ ಮೇಲೆ ಬೆಣ್ಣೆಯ ಉಂಡೆಯೊಂದನ್ನು ಇಟ್ಟಳು, ಚಿಕ್ಕಂದಿನಲ್ಲಿ ಅವರು ಆಕೆಗೆ ಇಡುತ್ತಿದ್ದರಂತೆ, ಹಾಗೆ. ಈ ವಯಸ್ಸಿನಲ್ಲಿ ಕೂತು ಯೋಚಿಸುವಾಗ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. ಅತ್ತಿ ಅಣ್ಣನನ್ನು ಒಳಗೆ ಕರೆದದ್ದು ಟ್ರಾನ್ಸ್‌ಫಾರ್ಮರು ಉಳಿಯಿತೆಂದು ಗೊತ್ತಾದ ಮೇಲಲ್ಲ. ಅದು ಇನ್ನೂ ಮೇಜಿನ ಮೇಲೆ ಇತ್ತು, ಕಾಯುತ್ತಿತ್ತೋ ತಣ್ಣಗಿತ್ತೋ ನಮಗಾರಿಗೂ ತಿಳಿದಿರಲಿಲ್ಲ. ಉಳಿಯದೆ ಹೋಗಿದ್ದರೂ ಆಕೆ ಆ ತಟ್ಟೆಯನ್ನು ಹಾಕಿರುತ್ತಿದ್ದಳು.

ಊಟವಾದ ಮೇಲೆ ಕರೆಂಟು ತೆಗೆಸಿ, ಅವ್ವ ಮೊದಲು ಅತ್ತಿಯ ಕೈಯನ್ನು ಹಿಡಿದು ಟ್ರಾನ್ಸ್‌ಫಾರ್ಮರಿನ ಮೇಲಿಟ್ಟಳು. ಆಮೇಲೆ ನನ್ನದನ್ನು. ಮಲಗೆದ್ದ ಕೂಸಿನ ಬೆನ್ನಿನಷ್ಟು ಬೆಚ್ಚಗಿತ್ತು, ಅಷ್ಟೇ. ಹೊಸ ಹೊಗೆಯಿಲ್ಲ, ಹೊಸ ವಾಸನೆಯಿಲ್ಲ. “ಈಗ ಹೇಳ್ತೇನಿ,” ಎಂದಳು ಅವ್ವ. “ಬದುಕೈತಿ.” ಕರೆಂಟನ್ನು ಒಂದೇ ದಿಕ್ಕಿಗೆ ತಿರುಗಿಸುವ ದೊಡ್ಡ ವಾಲ್ವನ್ನು ಹಾಕಿ ಮತ್ತೆ ಚಾಲೂ ಮಾಡಿಸಿದಾಗ ಗೋಡೆಯ ಪ್ಲಗ್ಗಿಗೆ ಜೋಡಿಸಿದ್ದ ದೊಡ್ಡ ಬಲ್ಬು ನಿಧಾನಕ್ಕೆ ಏರಿ ಢಾಳಾಗಿ ಉರಿಯಿತು. ನಾವೆಲ್ಲ ಹೌಹಾರಿದರೆ ಅವ್ವ ಚಪ್ಪಾಳೆ ತಟ್ಟಿದಳು. ತಪ್ಪು ಎಲ್ಲಿದೆಯೆಂದು ಸಿಕ್ಕಿತ್ತು. ಆ ವಾಲ್ವು ಕೆಟ್ಟಿತ್ತು, ಅದರ ಹಿಂದಿನ ಕಂಡೆನ್ಸರು ಉಬ್ಬಿ ಒಡೆದಿತ್ತು. ಅವೆರಡೂ ಸೇರಿ ಟ್ರಾನ್ಸ್‌ಫಾರ್ಮರಿನಿಂದ ತಡೆಯಲಾಗದಷ್ಟು ಎಳೆದು ಅದನ್ನು ಕಾಯಿಸಿದ್ದವು. ಅಪ್ಪ ಯಾರನ್ನೂ ಕೇಳದೆ, ಅವ್ವ ಆಗಲೇ ಸರಿಮಾಡಿಕೊಟ್ಟಿದ್ದ ತಮ್ಮ ಮೈಕ್‌ಸೆಟ್ಟಿನ ಆಂಪ್ಲಿಫೈಯರನ್ನು ಬಿಚ್ಚಿ, ಅದರಲ್ಲಿದ್ದ ಅದೇ ಜಾತಿಯ ವಾಲ್ವನ್ನು ಕಿತ್ತು ಕೊಟ್ಟರು. ಸಿಂದಗಿಯ ಒಂದು ಸಭೆಯ ಕೆಲಸ ಅದರಿಂದಾಗಿ ಕೈಬಿಟ್ಟುಹೋಯಿತು. ಕಂಡೆನ್ಸರನ್ನು ಬಜಾರದ ರಿಪೇರಿಯವನೇ ತಂದುಕೊಟ್ಟ. ಟ್ರಾನ್ಸ್‌ಫಾರ್ಮರು ಬದುಕಿದೆಯೆಂದು ಕೇಳಿ ಆತ ನಮಗಿಂತ ಹೆಚ್ಚು ಸಂತೋಷಪಟ್ಟ. ಹೇಗೆ ನೋಡಿದಿರಿ ಎಂದು ಅವ್ವನನ್ನು ಕೇಳಿ ಎಲ್ಲವನ್ನೂ ಮಾಡಿಸಿ ನೋಡಿ, ಚಹಾ ಕುಡಿದು ಹೋದ. ಸಂಜೆಗೆ ಅತ್ತಿ ತೊಡೆಯ ಮೇಲೆ ಗಿಟಾರನ್ನು ಇಟ್ಟುಕೊಂಡಳು. ಮೊದಲು ಒಂದೇ ಒಂದು ತಂತಿಯನ್ನು ಮೀಟಿ, ಅದರ ನಾದ ಪೂರ್ತಿ ಸವೆದುಹೋಗುವವರೆಗೂ ಕೇಳಿದಳು. ಆಯಿ ಆ ದಿನ ಗೋಡೆಯ ಕಡೆ ತಿರುಗಲಿಲ್ಲ.

ಮುದ್ದೇಬಿಹಾಳದಿಂದ ಈರಪ್ಪ ಮಾವ ಬಂದದ್ದು ಇದಾದ ಮೇಲೆ. ಹೇಳಿಕಳಿಸಿದ್ದನ್ನು ನಾವೆಲ್ಲ ಮರೆತೇಬಿಟ್ಟಿದ್ದೆವು. ಬಿಸಿಲಲ್ಲಿ ಬಾಡಿದ ಮುಖ, ಧೂಳು ಹಿಡಿದ ಧೋತರ. ಕೆಟ್ಟ ಮನುಷ್ಯರಲ್ಲ, ದಣಿದ ಮನುಷ್ಯ. ನೀರು ಕುಡಿದು ಅತ್ತಿಯ ಕಡೆ ತಿರುಗಿ, “ವೈನಿ, ಹೊಂಡೋಣೇನ್ರಿ?” ಎಂದರು. ಮನೆಯಲ್ಲಿ ಎಲ್ಲರೂ ಅತ್ತಿಯ ಕಡೆ ನೋಡಿದರು. ಅಪ್ಪ ಏನೋ ಹೇಳಹೋದಾಗ ಆಯಿ ಕಣ್ಸನ್ನೆಯಲ್ಲೇ ತಡೆದಳು.

“ಅತ್ತಿಯವರ ಮೈಯಾಗ ಹೆಂಗೈತ್ರಿ?” ಎಂದು ಅತ್ತಿ ತನ್ನ ಅತ್ತೆಯ ಬಗ್ಗೆ ಕೇಳಿದಳು.

“ಎದ್ದು ಕುಂದ್ರಾಕ ಆಗವಲ್ದು. ಜ್ವಾಳ ಕೊಯ್ಲಿಗೆ ಬಂದೈತಿ. ಮನಿಯಾಕಿ ಒಬ್ಬಾಕೀನ ಎಲ್ಲಾ ಕಡೆ ಹೊಡದಾಡಾಕತ್ತಾಳ,” ಎಂದರು ಅವರು ನೆಲ ನೋಡುತ್ತ.

ಅತ್ತಿ ಯೋಚಿಸಿದಳು. “ಬರ್ತೇನ್ರಿ. ಸುಗ್ಗಿ ಮುಗಿಯೂತನಾ ಇದ್ದು, ಅತ್ತಿಯವರನ್ನ ನೋಡಕೊಂತೇನಿ. ಆದ್ರ ವಾಪಸ್ ಇಲ್ಲಿಗೆ ಬರ್ತೇನಿ. ನನ್ನ ಮನಿ ಇದು.”

ಈರಪ್ಪ ಮಾವ ತಲೆಯಾಡಿಸಿದರು. ಅಷ್ಟು ಸಿಕ್ಕಿದ್ದೇ ದೊಡ್ಡದೆಂಬಂತೆ ಅವರ ಮುಖ ಸಡಿಲವಾಯಿತು. ಅತ್ತಿ ಟ್ರಂಕಿನಲ್ಲಿ ನಾಲ್ಕು ಸೀರೆ ಹಾಕಿಕೊಂಡಳು. ಗಿಟಾರನ್ನು ಗೋಡೆಗೆ ಒರಗಿಸಿದಳು. ಆಮೇಲೆ ಮಾವನ ಪೆಟ್ಟಿಗೆಯ ಹತ್ತಿರ ಬಂದು ನಿಂತು, ಅವ್ವನನ್ನು ಕರೆದಳು.

“ವೈನಿ, ಇದನ್ನ ಸುಮ್ನ ಇಟ್ರ ಕೆಡತೈತೇನ್ರಿ?”

“ವಾರಕ್ಕೊಮ್ಮೆ ಚಾಲೂ ಮಾಡಿದ್ರ ಚಲೋ. ಹೊಸಾ ಕಂಡೆನ್ಸರ್ ಐತಲ್ಲ.”

“ನೀವ ಮಾಡ್ರಿ. ಹಿಂದಿನ ಹಲಗಿ ತಗದು ನೋಡಬೇಕನಿಸಿದ್ರ ತಗೀರಿ. ನನ್ನ ಕೇಳಬ್ಯಾಡ್ರಿ.”

ಅತ್ತಿಯ ಸೆರಗಿನ ತುದಿ ಟ್ರಂಕಿನ ಚಿಲಕಕ್ಕೆ ಸಿಕ್ಕಿತ್ತು. ಅವ್ವ ಅದನ್ನು ಬಿಡಿಸಿ ಸರಿಮಾಡಿದಳು.

ಸುಗ್ಗಿಯುದ್ದಕ್ಕೂ ಅವ್ವ ವಾರಕ್ಕೊಮ್ಮೆ ಮೇಜಿನ ಕೆಲಸ ಬದಿಗಿಟ್ಟು, ಮಾವನ ಪೆಟ್ಟಿಗೆಯನ್ನು ಚಾಲೂ ಮಾಡಿ ಅದರ ಮುಂದೆ ಕೂರುತ್ತಿದ್ದಳು. ನುಡಿಸುವವರು ಯಾರೂ ಇರಲಿಲ್ಲ. ನಾನು, ಆಯಿ, ಕೆಲಸವಿಲ್ಲದ ದಿನ ಅಪ್ಪ, ಎಲ್ಲರೂ ಬಂದು ಕೂತು ಆ ಬರಿಯ ಗುಂಯ್ ಸದ್ದನ್ನು ಕೇಳುತ್ತಿದ್ದೆವು. ಯುಗಾದಿ ಕಳೆದು ಒಂದು ಮಧ್ಯಾಹ್ನ ಅತ್ತಿ ಬಂದಳು. ಕೈಯ ಚರ್ಮ ಒಡೆದಿತ್ತು, ಬಿಸಿಲಿಗೆ ಕಪ್ಪಾಗಿದ್ದಳು. ಕಾಲು ತೊಳೆದು ಒಳಗೆ ಬಂದವಳು ಪೆಟ್ಟಿಗೆಯನ್ನು ನೋಡಲಿಲ್ಲ. ನೇರ ಒಲೆಯ ಹತ್ತಿರ ಹೋಗಿ, ಕುದಿಯುತ್ತಿದ್ದ ಪಲ್ಯದ ರುಚಿ ನೋಡಿ, ಉಪ್ಪಿನ ಡಬ್ಬಿಗೆ ಕೈ ಹಾಕಿದಳು. ಅವ್ವ ಮೇಜಿನಿಂದ ಕತ್ತೆತ್ತಿ, “ಹಾಕು, ಹಾಕು. ನೀ ಇಲ್ದ ಇವರಿಗೆಲ್ಲ ಸಪ್ಪಗಿಂದು ಉಂಡು ಸಾಕಾಗೈತಿ,” ಎಂದಳು. ಇಬ್ಬರೂ ನಕ್ಕರು. ಮಾರನೆಯ ದಿನದಿಂದ ಅತ್ತಿ ನನ್ನ ತೊಡೆಯ ಮೇಲೆ ಗಿಟಾರು ಇಟ್ಟು, ಆ ಒಡೆದ ಕೈಯಿಂದ ನನ್ನ ಕೈ ಹಿಡಿದು ಕಲಿಸತೊಡಗಿದಳು. ಅವ್ವ ಬದಿಯಲ್ಲೇ ಕೂತು ಬೆಸುಗೆ ಹಾಕುತ್ತ, ಎಲ್ಲಿ ತಪ್ಪಿದೆ ಎಂದು ನನಗಿಂತ ಮೊದಲು ಹೇಳುತ್ತಿದ್ದಳು. ಇಬ್ಬರು ತಾಯಂದಿರು ಸಿಕ್ಕ ಮನೆ ಅದು. ಒಬ್ಬ ತಾಯಿಯೇ ಸಾಲುತ್ತಿದ್ದ ನನಗೆ ಇಬ್ಬರು ಸಿಕ್ಕರು.